ಕ್ಯಾಮೆರಾ ಬರಲಿ, ಅದಕ್ಕೂ ಮೊದಲು ಹಳದಿ ದೀಪ ಸರಿಹೋಗಲಿ

(ಬೆಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಬಾಯಲ್ಲೇ ಲೆಕ್ಕ ಹೇಳಿಬಿಟ್ಟಿದ್ದೆ, ಬರೆದು ಕೊಡಿ ಅಂತ ಕೆಲವರು ಕೇಳಿದರು. ಹಾಗಾಗಿ ಲೆಕ್ಕದ ಭಾಗವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಸರ್ಕಲ್‌ಗೆ ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾ ಬೇಕು ಅಂತ ಮನವಿ ಕೊಡಬೇಕೋ ಬೇಡವೋ ಅನ್ನುವುದೇ ಇವತ್ತಿನ ವಿಷಯ. ಕಳೆದ ಸಭೆಯಲ್ಲಿ ಇದೇ ಮಾತಿಗೆ ದನಿ ಏರಿತ್ತು. ಬೇಕೇ ಬೇಕು ಅಂದವರಲ್ಲಿ ಹೆಚ್ಚಿನವರು ಬೆಳಗ್ಗೆ ಹಾಲಿಗೆ, ದೇವಸ್ಥಾನಕ್ಕೆ ಅಂತ ನಡೆದು ರಸ್ತೆ ದಾಟುವ ಹಿರಿಯರು, ಸಂಜೆ ಮಕ್ಕಳನ್ನು ಟ್ಯೂಷನ್‌ನಿಂದ ಕರೆತರುವ ತಾಯಂದಿರು. ಬೇಡ ಅಂದವರು ಆಟೋದವರು, ಡೆಲಿವರಿ ಹುಡುಗರು, ದಿನವಿಡೀ ಸ್ಕೂಟರ್‌ನಲ್ಲಿ ಅದೇ ಸರ್ಕಲ್ ಸುತ್ತುವ ಅಂಗಡಿಯವರು. ಒಂದು 500 ರೂಪಾಯಿ ದಂಡ ಬಿದ್ದರೆ ಅವರ ಒಂದು ದಿನದ ದುಡಿಮೆ ಹೋಯಿತು. ಅವರ ಸಿಟ್ಟನ್ನು ಸುಮ್ನೆ ತಳ್ಳಿಹಾಕಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುವ ಹುಡುಗರಿಗೆ ರಸ್ತೆ, ಸಿಗ್ನಲ್ ಅಂತ ಪಾಠ ಮಾಡಿದವನು. ನನ್ನ ನಿಲುವು ಇದು: ಕ್ಯಾಮೆರಾ ಬರಲಿ. ಆದರೆ ಹಳದಿ ದೀಪದ ಹೊತ್ತನ್ನು ಅಳೆದು ಸರಿಮಾಡುವ ತನಕ, ಸ್ಟಾಪ್ ಲೈನ್ ಕಣ್ಣಿಗೆ ಕಾಣುವ ಹಾಗೆ ಬಳಿಯುವ ತನಕ, ಕಂಬ ನೆಡುವುದಕ್ಕೆ ನಾವು ಒಪ್ಪಬಾರದು. ಯಾಕೆ ಅಂತ ಹೇಳುತ್ತೇನೆ.

ಸಿಗ್ನಲ್ ಕ್ಯಾಮೆರಾ ಅಂದರೆ ಒಂದೇ ಕ್ಯಾಮೆರಾ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಎರಡು ಕೆಲಸಕ್ಕೆ ಎರಡು ಇರುತ್ತವೆ. ಒಂದು ಅಗಲವಾಗಿ ನೋಡುತ್ತದೆ. ಉರಿಯುತ್ತಿರುವ ಕೆಂಪು ದೀಪ, ಸ್ಟಾಪ್ ಲೈನ್, ಗಾಡಿ ಈ ಮೂರೂ ಒಂದೇ ಚಿತ್ರದಲ್ಲಿ ಸಿಗಬೇಕು, ಇಲ್ಲದಿದ್ದರೆ ಅದು ಸಾಕ್ಷಿ ಆಗಲ್ಲ. ಇನ್ನೊಂದು ನಂಬರ್ ಪ್ಲೇಟ್ ಓದುತ್ತದೆ. ಕೆಂಪಾದ ಮೇಲೆ ಗೆರೆ ದಾಟಿದ ಗಾಡಿಯ ಫೋಟೊ, ಜೊತೆಗೆ ಒಂದು ತುಣುಕು ವಿಡಿಯೊ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಅಲ್ಲಿಂದ, ಗಾಡಿ ನೋಂದಣಿಯ ಸರ್ಕಾರಿ ದಾಖಲೆಯಾದ ‘ವಾಹನ್’ನಲ್ಲಿ ಆ ನಂಬರಿಗೆ ಯಾರ ಮೊಬೈಲ್ ಜೋಡಿಸಿದೆಯೋ ಅವರಿಗೆ ಚಲನ್ ಬರುತ್ತದೆ. ಕ್ಯಾಮೆರಾಗೆ ಗೊತ್ತಿರುವುದು ಎರಡೇ ವಿಷಯ. ದೀಪ ಯಾವ ಕ್ಷಣ ಕೆಂಪಾಯಿತು, ಚಕ್ರ ಯಾವ ಕ್ಷಣ ಗೆರೆ ದಾಟಿತು. ನೀವು ಬೇಕಂತಲೇ ನುಗ್ಗಿದಿರೋ, ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಬಸ್ಸು ಬಂದು ಗುದ್ದುತ್ತದೆ ಅಂತ ಹೆದರಿ ಮುಂದೆ ಹೋದಿರೋ, ಅದಕ್ಕೆ ತಿಳಿಯುವುದಿಲ್ಲ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 2022ರ ಡಿಸೆಂಬರ್‌ನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, ಐಟಿಎಂಎಸ್ ಅಂತ, ಕ್ಯಾಮೆರಾದಿಂದಲೇ ತಪ್ಪು ಹಿಡಿಯುವ ಸಂಚಾರ ವ್ಯವಸ್ಥೆ ಶುರುವಾಯಿತು. 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪಕ್ಕೆಂದೇ 80 ಕ್ಯಾಮೆರಾ. ಹೆಲ್ಮೆಟ್, ತ್ರಿಬಲ್ ರೈಡಿಂಗ್, ಸೀಟ್ ಬೆಲ್ಟ್, ಓಡಿಸುತ್ತಾ ಮೊಬೈಲ್‌ನಲ್ಲಿ ಮಾತು ಎಲ್ಲವನ್ನೂ ಅದು ಹಿಡಿಯುತ್ತದೆ. ಹೆಲ್ಮೆಟ್ ವಿಷಯದಲ್ಲಿ ವಾದಕ್ಕೆ ಜಾಗ ಕಡಿಮೆ, ತಲೆ ಮೇಲೆ ಇದೆ ಅಥವಾ ಇಲ್ಲ. ಕೆಂಪು ದೀಪದ ಕಥೆ ಬೇರೆ. ಅಲ್ಲಿ ತಪ್ಪು ಆಯಿತೋ ಇಲ್ಲವೋ ಅನ್ನುವುದನ್ನು ಎಷ್ಟೋ ಸಲ ಅರ್ಧ ಸೆಕೆಂಡು ತೀರ್ಮಾನ ಮಾಡುತ್ತದೆ.

ಈಗ ಆ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಹಳದಿ ಕಂಡು, ನಿಲ್ಲಬೇಕು ಅಂತ ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 11 ಮೀಟರ್ ಹೋಯಿತು. ಆಮೇಲೆ ಗಾಡಿ ಜಾರದ ಹಾಗೆ, ಹಿಂದೆ ಕೂತವರು ಮುಗ್ಗರಿಸದ ಹಾಗೆ ಹದವಾಗಿ ಬ್ರೇಕ್ ಹಾಕಿದರೆ ಪೂರ್ತಿ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಒಟ್ಟು 31, 32 ಮೀಟರ್. ಹಳದಿ 3 ಸೆಕೆಂಡು ಇದ್ದರೆ ಅಷ್ಟು ಹೊತ್ತಿನಲ್ಲಿ ಗಾಡಿ 33 ಮೀಟರ್ ಹೋಗುತ್ತದೆ. ಅಂದರೆ ನಿಲ್ಲಲು ಆಗದಷ್ಟು ಹತ್ತಿರ ಬಂದವರು ಕೆಂಪಾಗುವ ಮುಂಚೆ ಗೆರೆ ದಾಟಿರುತ್ತಾರೆ. ಸರಿಹೋಯಿತು.

ಅದೇ ಹಳದಿ 2 ಸೆಕೆಂಡು ಮಾತ್ರ ಇದ್ದರೆ? ಗಾಡಿ ಹೋಗುವುದು 22 ಮೀಟರ್. ನೀವು ಗೆರೆಯಿಂದ 27 ಮೀಟರ್ ದೂರ ಇರುವಾಗ ಹಳದಿ ಬಂತು ಅಂದುಕೊಳ್ಳಿ. ನಿಲ್ಲೋಕೆ 31 ಬೇಕು, ಇರುವುದು 27. ದಾಟೋಣ ಅಂದರೆ 22ಕ್ಕೇ ಕೆಂಪು. ವೇಗದ ಮಿತಿಯೊಳಗೆ ಇದ್ದು, ಎರಡೂ ಕಣ್ಣು ರಸ್ತೆ ಮೇಲೇ ಇಟ್ಟು ಓಡಿಸುವವರೂ ಅಲ್ಲಿ ತಪ್ಪಿತಸ್ಥರೇ. ಬಚಾವಾಗಬೇಕಾದರೆ ಚಕ್ರ ಕಿರುಚುವ ಹಾಗೆ ಬ್ರೇಕ್ ಹಾಕಬೇಕು. ಮಳೆ ಬಿದ್ದ ಡಾಂಬರಿನ ಮೇಲೆ ಸ್ಕೂಟರ್‌ನಲ್ಲಿ ಅದನ್ನು ಮಾಡಿ ಅಂತ ನಾನಂತೂ ಯಾರಿಗೂ ಹೇಳಲಾರೆ. ನಿಲ್ಲಲೂ ಆಗದ, ದಾಟಲೂ ಆಗದ ಈ ಜಾಗವನ್ನು ಡಿಲೆಮಾ ಝೋನ್ ಅನ್ನುತ್ತಾರೆ. 1959-60ರ ಹೊತ್ತಿಗೆ ಜನರಲ್ ಮೋಟರ್ಸ್ ಕಂಪನಿಯಲ್ಲಿದ್ದ ಡೆನೋಸ್ ಗ್ಯಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸಿ ಮಾರಾಡುಡಿನ್ ಎಂಬ ಮೂವರು ಈ ಲೆಕ್ಕ ಕಟ್ಟಿದರು. ಅವತ್ತಿಂದ ಸಿಗ್ನಲ್ ಪಾಠದಲ್ಲಿ ಇದು ಇದ್ದೇ ಇದೆ.

60 ಕಿ.ಮೀ. ವೇಗಕ್ಕೆ ಇದೇ ಲೆಕ್ಕ ಹಾಕಿದರೆ ನಿಲ್ಲಲು 63 ಮೀಟರ್ ಬೇಕು, ಹಳದಿ 3.8 ಸೆಕೆಂಡಿನ ಹತ್ತಿರ ಇರಬೇಕು. ನಮ್ಮ ಸರ್ಕಲ್‌ನಲ್ಲಿ 60ರಲ್ಲಿ ಯಾರು ಬರುತ್ತಾರೆ, ಸಂಜೆ ಜಾಮ್‌ನಲ್ಲಿ 15 ಸಿಕ್ಕರೆ ಹೆಚ್ಚು ಅಂತ ನೀವು ಕೇಳಬಹುದು. ಬೆಳಗಿನ ಜಾವ ಐದೂವರೆಗೆ ಬಂದು ನಿಂತು ನೋಡಿ. ಏರ್‌ಪೋರ್ಟ್‌ಗೆ ಹೋಗುವ ಕ್ಯಾಬ್, ಹಾಲಿನ ವ್ಯಾನ್, ತರಕಾರಿ ಟೆಂಪೊ. ವಾಕಿಂಗ್ ಹೊರಟ ಹಿರಿಯರು ರಸ್ತೆ ದಾಟುವುದೂ ಅದೇ ಹೊತ್ತಿಗೆ.

ಹಳದಿ ದೀಪದ ಮೇಲೆ ಹಟ ಹಿಡಿದ ಒಬ್ಬರ ಕಥೆ ಹೇಳಲೇಬೇಕು. ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್ ಅನ್ನುವ ಊರಿನಲ್ಲಿ 2013ರಲ್ಲಿ ಒಬ್ಬ ಮಹಿಳೆಗೆ ಕೆಂಪು ದೀಪದ ಕ್ಯಾಮೆರಾದಿಂದ ದಂಡದ ಚೀಟಿ ಬಂತು. ಅವರ ಗಂಡ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಸ್ವೀಡನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವರು. ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ ಇವರು ಹಳದಿಯ ಲೆಕ್ಕವನ್ನೇ ಹಿಡಿದು ಕೂತರು. ಜನರಲ್ ಮೋಟರ್ಸ್‌ನವರ ಆ ಹಳೇ ಲೆಕ್ಕ ನೇರ ಹೋಗುವ ಗಾಡಿಗೆ ಸರಿ, ತಿರುವಿಗೆ ಅಂತ ವೇಗ ಇಳಿಸುತ್ತಾ ಬರುವ ಗಾಡಿಗೆ ಸಾಲದು, ಅವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು ಅಂತ ತೋರಿಸಿದರು. ಅಲ್ಲಿನ ಇಂಜಿನಿಯರಿಂಗ್ ಮಂಡಳಿಗೂ ಬರೆದರು. ಲೈಸನ್ಸ್ ಇಲ್ಲದೆ ಇಂಜಿನಿಯರಿಂಗ್ ಮಾಡಿದ್ದೀರಿ ಅಂತ ಮಂಡಳಿ ಅವರಿಗೇ 500 ಡಾಲರ್ ದಂಡ ಹಾಕಿತು! ಅವರು ಕೋರ್ಟಿಗೆ ಹೋದರು, 2018ರ ಡಿಸೆಂಬರ್‌ನಲ್ಲಿ ಗೆದ್ದರು. 2020ರಲ್ಲಿ ಸಾರಿಗೆ ಇಂಜಿನಿಯರುಗಳ ಸಂಸ್ಥೆಯಾದ ಐಟಿಇ, ತಿರುವಿನ ಹಳದಿಗೆ ಅವರ ಲೆಕ್ಕವನ್ನು ತನ್ನ ಮಾರ್ಗಸೂಚಿಯಲ್ಲಿ ಸೇರಿಸಿಕೊಂಡಿತು. ಒಬ್ಬ ಸಾಮಾನ್ಯ ನಾಗರಿಕ ಅಳೆದು, ಲೆಕ್ಕ ಹಾಕಿ, ಬಿಡದೆ ಕೇಳಿದ್ದಕ್ಕೆ ಆದ ಕೆಲಸ ಇದು. ನನಗೆ ಅವರ ಮೇಲೆ ಬಹಳ ಗೌರವ.

ಇನ್ನು ಶಿಕಾಗೊ. ಕ್ಯಾಮೆರಾ ವಿರೋಧಿಸುವವರು ‘ಇದೆಲ್ಲ ದುಡ್ಡು ಮಾಡೋ ದಾರಿ’ ಅಂದಾಗ ನನ್ನ ತಲೆಗೆ ಬರುವುದು ಈ ಊರು. 2003ರಲ್ಲಿ ಅಲ್ಲಿ ಶುರುವಾಗಿ ಮುನ್ನೂರಕ್ಕೂ ಹೆಚ್ಚು ಕ್ಯಾಮೆರಾ ಆದವು, ಒಂದು ಟಿಕೆಟ್‌ಗೆ 100 ಡಾಲರ್. ಗುತ್ತಿಗೆ ರೆಡ್‌ಫ್ಲೆಕ್ಸ್ ಅನ್ನುವ ಕಂಪನಿಯದು. ಅದನ್ನು ನೋಡಿಕೊಳ್ಳುತ್ತಿದ್ದ ನಗರದ ಅಧಿಕಾರಿ ಜಾನ್ ಬಿಲ್ಸ್ ಕಂಪನಿಯಿಂದ ಲಂಚ ತಿಂದಿದ್ದು ಸಾಬೀತಾಗಿ 2016ರಲ್ಲಿ 10 ವರ್ಷ ಜೈಲು ಶಿಕ್ಷೆ ಆಯಿತು. ಮರುವರ್ಷ ಕಂಪನಿ ನಗರಕ್ಕೆ 2 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಲಂಚದ ಕಥೆ ನಮಗೆ ಬೇಗ ಅರ್ಥವಾಗುತ್ತದೆ. ಆದರೆ ಅದಕ್ಕಿಂತ ನೀವು ನೆನಪಿಡಬೇಕಾದ್ದು 2014ರಲ್ಲಿ ಬಯಲಾದ ಇನ್ನೊಂದು ವಿಷಯ. ಅಲ್ಲಿ ಹಳದಿ ಕನಿಷ್ಠ 3 ಸೆಕೆಂಡು ಇರಬೇಕು. ಗುತ್ತಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗ 2.9 ಸೆಕೆಂಡು ತೋರಿಸಿದ ಕಡೆಯೂ ಟಿಕೆಟ್ ಹಾಕಬಹುದು ಅಂತ ಆಯಿತು. ಬರೀ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟಕ್ಕೇ ಸುಮಾರು 77,000 ಟಿಕೆಟ್, 77 ಲಕ್ಷ ಡಾಲರ್. ನಗರಾಡಳಿತದ ತಪ್ಪುಗಳನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಇದನ್ನು ಹೊರಗೆ ತಂದಿತು.

ಹಾಗಂತ ಕ್ಯಾಮೆರಾ ಕಿತ್ತೆಸೆದರೆ ಆಯ್ತಾ? ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ 2010ರಲ್ಲಿ ಜನ ವೋಟು ಹಾಕಿಯೇ ಕ್ಯಾಮೆರಾ ಬೇಡ ಅಂದರು. 2019ರಲ್ಲಿ ಆ ರಾಜ್ಯವೇ ನಿಷೇಧಿಸಿತು. ಆದರೆ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2016ರಲ್ಲಿ ಒಂದು ಅಧ್ಯಯನ ಕೊಟ್ಟಿತು. ಕ್ಯಾಮೆರಾ ಆಫ್ ಮಾಡಿದ ನಗರಗಳಲ್ಲಿ, ಇಟ್ಟುಕೊಂಡಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ, ಸಿಗ್ನಲ್ ಜಂಪ್‌ನಿಂದ ಸಾವು ತಂದ ಅಪಘಾತಗಳ ಪ್ರಮಾಣ ಶೇ. 30ರಷ್ಟು ಜಾಸ್ತಿ ಇತ್ತು. ಇದನ್ನು ಓದಿದ ಮೇಲೂ ಕ್ಯಾಮೆರಾ ಬೇಡವೇ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಅಂಕಿ ಇದೆ, ಅದನ್ನು ನಾವು ಹುಷಾರಾಗಿ ಓದಬೇಕು. 2005ರಲ್ಲಿ ಅಮೆರಿಕದ ಹೆದ್ದಾರಿ ಇಲಾಖೆಯವರು 7 ಊರುಗಳ 132 ಜಂಕ್ಷನ್ ನೋಡಿದರು. ಕ್ಯಾಮೆರಾ ಹಾಕಿದ ಮೇಲೆ ಅಡ್ಡದಿಂದ ಬಂದು ಗುದ್ದುವ ಅಪಘಾತ ಶೇ. 25ರಷ್ಟು ಇಳಿಯಿತು. ಹಿಂದಿನಿಂದ ಗುದ್ದುವುದು ಶೇ. 15ರಷ್ಟು ಏರಿತು. ಯಾಕೆ ಅಂದರೆ ದಂಡಕ್ಕೆ ಹೆದರಿ ಮುಂದಿನವರು ದಿಢೀರ್ ಅಂತ ನಿಲ್ಲುತ್ತಾರೆ, ಹಿಂದಿನವರಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಅಲ್ಲಿಯವರು ಇದನ್ನು ಲಾಭ ಅಂತಲೇ ಲೆಕ್ಕ ಹಾಕಿದರು, ಅಡ್ಡ ಗುದ್ದಿದರೆ ಜೀವ ಹೋಗುತ್ತದೆ, ಹಿಂದಿನಿಂದ ಗುದ್ದಿದರೆ ಬಂಪರ್ ಜಜ್ಜುತ್ತದೆ ಅಂತ. ಅದು ಕಾರುಗಳ ಊರಿನ ಲೆಕ್ಕ. ನಮ್ಮ ಸರ್ಕಲ್‌ನಲ್ಲಿ ಮುಂದೆ ದಿಢೀರ್ ನಿಂತವರು ಆಕ್ಟಿವಾದಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡ ತಂದೆ, ಹಿಂದೆ ಇರುವುದು ಟೆಂಪೊ. ಇಲ್ಲಿ ಹಿಂದಿನಿಂದ ಬಿದ್ದ ಗುದ್ದಿಗೂ ಜೀವ ಹೋಗುತ್ತದೆ. ಈ ನಗರದಲ್ಲಿ ವರ್ಷಕ್ಕೆ 900ರ ಆಸುಪಾಸು ಜನ ರಸ್ತೆಯಲ್ಲಿ ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು ಬೈಕ್, ಸ್ಕೂಟರ್‌ನವರು ಮತ್ತೆ ನಡೆದುಹೋಗುವವರು. ಅದಕ್ಕೇ ಹಳದಿ ಸರಿಮಾಡುವುದು ಅಮೆರಿಕಕ್ಕಿಂತ ನಮಗೆ ಹೆಚ್ಚು ಮುಖ್ಯ. ಹಳದಿ ಸಾಕಷ್ಟು ಹೊತ್ತಿದ್ದರೆ, ಮುಂದೆ ಕ್ಯಾಮೆರಾ ಇದೆ ಅಂತ ನೂರು ಮೀಟರ್ ಮುಂಚೆಯೇ ಬೋರ್ಡ್ ಇದ್ದರೆ, ದಿಢೀರ್ ನಿಲ್ಲುವುದು ತಾನಾಗೇ ಕಡಿಮೆಯಾಗುತ್ತದೆ.

ಆಟೋದ ಅಣ್ಣಂದಿರು ಎತ್ತಿದ ದೂರುಗಳಿಗೆ ಬರುತ್ತೇನೆ. ಎಷ್ಟೋ ಸಲ ದೀಪ ಕೆಂಪಿದ್ದರೂ ಸರ್ಕಲ್ ಮಧ್ಯೆ ನಿಂತ ಪೊಲೀಸರು ‘ಬನ್ನಿ, ಬನ್ನಿ’ ಅಂತ ಕೈ ಮಾಡುತ್ತಾರೆ. ಕಾನೂನಿನ ಪ್ರಕಾರ ಅವರ ಕೈಯ ಮಾತನ್ನೇ ನಾವು ಕೇಳಬೇಕು. ಕ್ಯಾಮೆರಾಗೆ ಕಾಣುವುದು ಕೆಂಪು ದೀಪ ಮಾತ್ರ. ಅಂಥ ಹೊತ್ತಿನಲ್ಲಿ ಕ್ಯಾಮೆರಾದ ಚಲನ್ ನಿಲ್ಲಿಸುವ ಏರ್ಪಾಡು ಇರಲೇಬೇಕು. ಆಂಬುಲೆನ್ಸ್‌ಗೆ ದಾರಿ ಬಿಡಲು ಗೆರೆ ದಾಟಿದರೂ ಅಷ್ಟೇ. ಅಂಥ ದಂಡ ರದ್ದು ಮಾಡುತ್ತೇವೆ ಅಂತ ನಗರದ ಸಂಚಾರ ಪೊಲೀಸರು ಹೇಳಿದ್ದಾರೆ, ಅದು ಒಳ್ಳೆಯದು. ಆದರೆ ರದ್ದು ಮಾಡಿಸಲು ಒಬ್ಬ ಆಟೋ ಚಾಲಕ ಅರ್ಧ ದಿನದ ಬಾಡಿಗೆ ಬಿಟ್ಟು ಇನ್‌ಫೆಂಟ್ರಿ ರಸ್ತೆಯ ಸಂಚಾರ ಪೊಲೀಸ್ ಕಚೇರಿಗೆ ಓಡಬೇಕಾದರೆ ಅದಕ್ಕಿಂತ ದಂಡ ಕಟ್ಟುವುದೇ ವಾಸಿ ಅನ್ನಿಸುತ್ತದೆ, ಅಲ್ವಾ? ಕಂಟ್ರೋಲ್ ರೂಮಿನಲ್ಲಿ ಒಬ್ಬರು ಕೂತು ಆ ವಿಡಿಯೊ ಪೂರ್ತಿ ನೋಡಿ ಆಮೇಲೆ ಚಲನ್ ಕಳಿಸಿದರೆ ಅರ್ಧ ಗೋಳು ಅಲ್ಲೇ ಮುಗಿಯುತ್ತದೆ.

ಮಾರಿದ ಗಾಡಿಯ ದೂರಂತೂ ಮನೆಮನೆಯದ್ದು. ಸ್ಕೂಟರ್ ಮಾರಿ ಎರಡು ವರ್ಷ ಆಗಿರುತ್ತದೆ, ಕೊಂಡವರು ಆರ್‌ಸಿ ಹೆಸರು ಬದಲಿಸಿರುವುದಿಲ್ಲ, ಚಲನ್ ಹಳೇ ಮಾಲೀಕರಿಗೆ ಬರುತ್ತಿರುತ್ತದೆ. ಇದರಲ್ಲಿ ಕ್ಯಾಮೆರಾದ ತಪ್ಪಿಲ್ಲ. ಮಾರಿದ ದಿನವೇ ಆರ್‌ಸಿ ಕೆಲಸ ಮುಗಿಸಿಕೊಳ್ಳಿ, ದಯವಿಟ್ಟು. ದಾಖಲೆಯಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇದೆಯಾ ಅಂತಲೂ ನೋಡಿಕೊಳ್ಳಿ.

ರಿಯಾಯಿತಿ ಬಗ್ಗೆ ಕೆಲವರಿಗೆ ನನ್ನ ಮಾತು ಹಿಡಿಸಲಿಕ್ಕಿಲ್ಲ. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದರು, ಕೆಲವೇ ದಿನದಲ್ಲಿ 100 ಕೋಟಿ ರೂಪಾಯಿ ದಾಟಿತು. 2025ರ ಆಗಸ್ಟ್ ಕೊನೆಯಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಎಷ್ಟು ಕೋಟಿ ಬಂತು ಅನ್ನುವುದು. ಆ ಜಂಕ್ಷನ್‌ಗಳಲ್ಲಿ ಎಷ್ಟು ಜನರ ಕೈಕಾಲು ಉಳಿಯಿತು ಅನ್ನುವ ಅಂಕಿ ನನಗೆ ಬೇಕು. ಇವತ್ತು ಮಾಡಿದ ತಪ್ಪಿಗೆ ಇವತ್ತೇ ಅಥವಾ ಈ ವಾರವೇ ನೋಟಿಸ್ ಬಂದರೆ ಮನುಷ್ಯ ನಾಳೆ ನಿಲ್ಲುತ್ತಾನೆ. ವರ್ಷಗಟ್ಟಲೆ ಗುಡ್ಡೆ ಹಾಕಿ ಆಮೇಲೆ ಅರ್ಧಕ್ಕೆ ಬಿಟ್ಟರೆ, ಕಾದರೆ ಕಡಿಮೆಗೆ ಮುಗಿಯುತ್ತದೆ ಅನ್ನುವ ಪಾಠ ಮಾತ್ರ ಉಳಿಯುತ್ತದೆ. ಪ್ರಾಮಾಣಿಕವಾಗಿ ಪೂರ್ತಿ ಕಟ್ಟಿದವರಿಗೆ ಇದು ಅನ್ಯಾಯ ಕೂಡ.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಅನ್ನುವ ಕಲಂ ಸೇರಿತು. ಅದರ ಅಡಿಯಲ್ಲಿ 2021ರ ಆಗಸ್ಟ್‌ನಲ್ಲಿ ಕೇಂದ್ರದ ನಿಯಮಗಳಿಗೆ 167ಎ ಬಂತು. ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೂ ಮುಂಚೆ ಎಲ್ಲರಿಗೂ ಕಾಣುವ ಎಚ್ಚರಿಕೆ ಬೋರ್ಡ್ ಇರಬೇಕು. ತಪ್ಪಾದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಇವನ್ನು ಕೇಳಿದರೆ ನಾವೇನೂ ದೊಡ್ಡ ಉಪಕಾರ ಕೇಳಿದ ಹಾಗಲ್ಲ, ನಿಯಮದಲ್ಲಿ ಬರೆದದ್ದನ್ನೇ ಕೇಳಿದ ಹಾಗೆ.

ಪಕ್ಕದ ಕೇರಳದ ಮಾತನ್ನೂ ಒಂದು ಸಾಲಿನಲ್ಲಿ ಹೇಳುತ್ತೇನೆ. 2023ರ ಜೂನ್‌ನಲ್ಲಿ ಅಲ್ಲಿ 726 ಕ್ಯಾಮೆರಾ ಶುರುವಾದಾಗ ತಿಂಗಳುಗಟ್ಟಲೆ ಜಗಳ ನಡೆದದ್ದು ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಅನ್ನುವುದರ ಮೇಲೆ, ಅದು ಹೈಕೋರ್ಟ್‌ವರೆಗೂ ಹೋಯಿತು. ರಸ್ತೆ ಸುರಕ್ಷತೆಯ ಮಾತು ಆ ಗದ್ದಲದಲ್ಲಿ ಹಿಂದೆ ಬಿತ್ತು. ಇಲ್ಲಿ ಹಾಗಾಗುವುದು ಬೇಡ ಅಂದರೆ ಗುತ್ತಿಗೆಯ ಕಾಗದ ಮೊದಲ ದಿನದಿಂದಲೇ ಜನರ ಕಣ್ಣಮುಂದೆ ಇರಬೇಕು. ಕಂಪನಿಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕೊಡಲಿ, ಚಲನ್‌ಗೆ ಇಷ್ಟು ಅಂತ ಪಾಲು ಮಾತ್ರ ಯಾವತ್ತೂ ಕೊಡಬಾರದು.

ನಮ್ಮ ಸರ್ಕಲ್‌ನ ಹಳದಿಯನ್ನು ಅಳೆಯುವುದು ಹೇಗೆ ಅಂತ ಕೇಳಿದಿರಿ. ಮೊಬೈಲ್ ಸಾಕು. ಫುಟ್‌ಪಾತ್ ಮೇಲೆ ನಿಂತು ದೀಪದ ವಿಡಿಯೊ ತೆಗೆಯಿರಿ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಹಳದಿ ಹತ್ತಿದ ಫ್ರೇಮ್‌ನಿಂದ ಕೆಂಪಾದ ಫ್ರೇಮ್‌ವರೆಗೆ ಎಣಿಸಿ 30ರಿಂದ ಭಾಗಿಸಿ. 90 ಬಂದರೆ 3 ಸೆಕೆಂಡು. ನಾನು ಹೀಗೆ ನೋಡಿದಾಗ ದೇವಸ್ಥಾನದ ಕಡೆಯಿಂದ ಬರುವ ರಸ್ತೆಗೆ ಎರಡೂವರೆ ಸೆಕೆಂಡು ಕೂಡ ಇರಲಿಲ್ಲ. ನನ್ನ ಮಾತನ್ನೇ ನಂಬಬೇಡಿ, ನೀವೂ ತೆಗೆಯಿರಿ, ಬೇರೆ ಬೇರೆ ಹೊತ್ತಿನಲ್ಲಿ, ನಾಲ್ಕೂ ಕಡೆಯಿಂದ. ನಮ್ಮ ಮನವಿಯ ಜೊತೆ ಆ ವಿಡಿಯೊಗಳೂ ಹೋಗಲಿ. ನಾಲ್ಕೂ ದೀಪ ಒಟ್ಟಿಗೆ ಕೆಂಪಿರುವ ಹೊತ್ತನ್ನೂ ನೋಡಿ. ಕೊನೆಗೆ ದಾಟಿದ ಗಾಡಿ ಆಚೆ ತಲುಪುವ ಮುಂಚೆ ಈಚೆಯವರಿಗೆ ಹಸಿರು ಬರಬಾರದು. ನಮ್ಮಲ್ಲಿ ಹಸಿರು ಬರುವ ಮುಂಚೆಯೇ ಆಕ್ಸಿಲರೇಟರ್ ತಿರುಗಿಸುವ ಅಭ್ಯಾಸ ಇದೆ, ಹಾಗಾಗಿ ಆ ಒಂದೆರಡು ಸೆಕೆಂಡು ಬಹಳ ಬೆಲೆಯದ್ದು.

ಮನವಿಯಲ್ಲಿ ಮೊದಲ ತಿಂಗಳು ದಂಡ ಹಾಕದೆ ಬರೀ ಎಚ್ಚರಿಕೆ ಸಂದೇಶ ಕಳಿಸಿ ಅಂತಲೂ ಕೇಳೋಣ. ಕೆಂಪಾದ ಮೇಲೆ ಒಂದಿಷ್ಟು ರಿಯಾಯಿತಿ ಹೊತ್ತು ಇರಲಿ, ಅಷ್ಟರೊಳಗೆ ಗೆರೆ ದಾಟಿದವರಿಗೆ ದಂಡ ಬೇಡ. ಶಿಕಾಗೊದಲ್ಲಿ 2017ರಲ್ಲಿ ಅದನ್ನು 0.1 ಸೆಕೆಂಡಿನಿಂದ 0.3ಕ್ಕೆ ಏರಿಸಿದರು. ಕೆಂಪು ಬಿದ್ದು ಮೂರು ಸೆಕೆಂಡು ಆದ ಮೇಲೂ ನುಗ್ಗುವವರು ಇದ್ದಾರಲ್ಲ, ನಮ್ಮ ಹಿರಿಯರ ಜೀವಕ್ಕೆ ಕುತ್ತು ತರುವುದು ಅವರು. ಕ್ಯಾಮೆರಾ ಅವರನ್ನು ಹಿಡಿಯಲಿ, ಪ್ರತಿ ಸಲ ಹಿಡಿಯಲಿ, ಅಲ್ಲಿ ಯಾವ ದಾಕ್ಷಿಣ್ಯವೂ ಬೇಡ. ಆರು ತಿಂಗಳಿಗೊಮ್ಮೆ ಆ ಸರ್ಕಲ್‌ನಲ್ಲಿ ಅಪಘಾತ ಎಷ್ಟಾಯಿತು, ಹಿಂದೆ ಎಷ್ಟಿತ್ತು ಅನ್ನುವ ಅಂಕಿಯನ್ನು ಅಲ್ಲೇ ಒಂದು ಬೋರ್ಡ್ ಮೇಲೆ ಹಾಕಲಿ.

ಮಾತು ಮುಗಿದ ಮೇಲೆ ಒಬ್ಬ ಡೆಲಿವರಿ ಹುಡುಗ ಎದ್ದು ನಿಂತ. ‘ಸರ್, ರಾತ್ರಿ ಹನ್ನೊಂದಕ್ಕೆ ಒಂದು ನಾಯಿಯೂ ಇರಲ್ಲ. ಆಗಲೂ ತೊಂಬತ್ತು ಸೆಕೆಂಡ್ ನಿಲ್ಲಬೇಕಾ? ಲೇಟಾದರೆ ಕಸ್ಟಮರ್ ಬೈಯೋದು ನನಗೆ’ ಅಂತ ಕೇಳಿದ. ನಿಲ್ಲಬೇಕಪ್ಪ, ಆದರೆ ತೊಂಬತ್ತು ಸೆಕೆಂಡ್ ನಿಲ್ಲಿಸುವುದು ಸಿಗ್ನಲ್ ಇಟ್ಟವರ ತಪ್ಪು ಅಂದೆ. ರಾತ್ರಿ ಬ್ಲಿಂಕರ್‌ಗೆ, ಅಂದರೆ ಬರೀ ಮಿಣುಕುವ ದೀಪಕ್ಕೆ ಬಿಡುವುದು ನನಗೆ ಒಪ್ಪಿಗೆ ಇಲ್ಲ, ಯಾಕಂದರೆ ವೇಗ ಜಾಸ್ತಿ ಇರುವುದೇ ಆ ಹೊತ್ತಿಗೆ. ಸಿಗ್ನಲ್‌ನ ಸುತ್ತು ಚಿಕ್ಕದು ಮಾಡಬಹುದು, ಮೂವತ್ತು ಸೆಕೆಂಡಿಗೆ ತಿರುಗಿಬರುವ ಹಾಗೆ. ನಗರದಲ್ಲಿ ಈಗ ಗಾಡಿ ಎಷ್ಟಿದೆ ಅಂತ ನೋಡಿ ತಾನೇ ಹೊತ್ತು ಬದಲಿಸುವ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಸಿಗ್ನಲ್‌ಗಳು ಬರುತ್ತಿವೆ, ನಮಗೂ ಅದನ್ನೇ ಕೇಳಬಹುದು. ಅವನು ಕೂರುವ ಮುಂಚೆ ‘ಹಾಗಾದರೆ ಅದನ್ನೂ ಬರೀರಿ ಸರ್’ ಅಂದ. ಬರೆದಿದ್ದೇವೆ. ಮನವಿಯ ಪ್ರತಿ ಮೆಡಿಕಲ್ ಸ್ಟೋರ್‌ನಲ್ಲೂ ಆಟೋ ಸ್ಟ್ಯಾಂಡ್‌ನಲ್ಲೂ ಇದೆ, ಓದಿ, ತಿದ್ದಬೇಕು ಅನ್ನಿಸಿದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಿ.